ಸುಂಡಿಲಿ ಮರಿಗಳು ಬಾಲ ಕಚ್ಚಿಕೊಂಡು ನಡೆಯುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಾಳಿ, ಹೊಳೆ, ಹುಳ, ಇಲಿ ಎಲ್ಲರಿಗೂ ಮಾತು ಬರುತ್ತಿತ್ತು. ಆಗ ಇದ್ದದ್ದು ಒಂದೇ ಕಟ್ಟಳೆ: ಕೈ ಮುಗಿದವರನ್ನು ಯಾರೂ ಕಚ್ಚಬಾರದು.

ಉದ್ದ ಮೂತಿಯ ಸುಂಡಿಲಿ ಸುಂಡವ್ವನಿಗೆ ನಾಲ್ಕು ಮರಿಗಳು. ಅವಳ ಹೊಟ್ಟೆ ಒಂದು ಗಳಿಗೆಯೂ ಸುಮ್ಮನಿರದು. ಓಡಿ ಓಡಿ ಹುಳ ಹಿಡಿದು ತಿನ್ನಬೇಕು, ಇಲ್ಲದಿದ್ದರೆ ಮರಿಗಳಿಗೆ ಹಾಲಿಲ್ಲ. ಪಕ್ಕದ ಗಿಡದಲ್ಲಿ ಸೂರ್ಯನ ಕುದುರೆ ಎಂಬ ಹಸಿರು ಹುಳವಿತ್ತು. ಅದಕ್ಕೂ ಅಷ್ಟೇ ಹಸಿವು. ಆದರೆ ಅದು ಓಡುತ್ತಿರಲಿಲ್ಲ, ಕೈ ಮುಗಿದು ನಿಂತೇ ಇರುತ್ತಿತ್ತು. ಎಂಥ ಭಕ್ತ ಎಂದು ಎಲ್ಲರೂ ಹೊಗಳಿದರು. ಪೆದ್ದರು!

ಸುಂಡವ್ವನೂ ಪೆದ್ದಿಯಾದಳು.

"ಅಣ್ಣಾ, ಮರಿಗಳನ್ನ ಸ್ವಲ್ಪ ನೋಡ್ಕೊತೀಯಾ?"

"ಹೋಗ್ಬಾ ತಂಗಿ, ನಾನು ಇಲ್ಲೇ ಇರ್ತೀನಲ್ಲ," ಎಂದಿತು ಹುಳ.

ತಿರುಗಿ ಬಂದಾಗ ಮರಿಗಳು ಮೂರೇ. ಕಿರಿಯವಳು ಕಿನ್ನಿ ಇಲ್ಲ. ಹುಳದ ಮುಳ್ಳುಗೈಯಲ್ಲಿ ಒಂದು ಪುಟ್ಟ ಬಾಲವಿತ್ತು.

ಸುಂಡವ್ವನ ಮೈಯೆಲ್ಲ ಉರಿದುಹೋಯಿತು. "ಬೇಲಿಯೇ ಎದ್ದು ಹೊಲ ಮೇಯ್ತಲ್ಲೋ, ಪಾಪಿ!" ಎಂದು ಹಾರಿದಳು. ಹುಳ ಬಾಲವನ್ನು ಕೆಳಗೆ ಬಿಟ್ಟು ಥಟ್ಟನೆ ಕೈ ಮುಗಿಯಿತು.

"ಬಿಡವ್ವಾ, ಕೈ ಮುಗಿದಿದ್ದಾನೆ," ಎಂದಿತು ಗಾಳಿ.

"ಕಟ್ಟಳೆ ಅಂದ್ರೆ ಕಟ್ಟಳೆ," ಎಂದಿತು ಹೊಳೆ. "ಇನ್ನೂ ಮೂರು ಇದಾವಲ್ಲ, ಸಮಾಧಾನ ಮಾಡ್ಕೋ."

ಮೂರು ಇದಾವಂತೆ! ಹೆತ್ತವಳಿಗೆ ಹೇಳುವ ಮಾತೇ ಇದು?

"ನಿಮ್ಮ ಕಟ್ಟಳೆಗೆ ಬೆಂಕಿ ಬೀಳ!" ಎಂದು ಸುಂಡವ್ವ ಚೀರಿದಳು. "ಅವನು ತಿನ್ನುವಾಗ ಎಲ್ಲಿ ಹೋಗಿತ್ತು ಅದು? ನನ್ನ ಕಿನ್ನಿ ಕೈ ಮುಗೀಬೇಕಿತ್ತಾ? ಅವಳಿನ್ನೂ ಕಣ್ಣೇ ಬಿಟ್ಟಿರ್ಲಿಲ್ಲ!"

ಸುಂಡವ್ವ ಮುಗಿದ ಕೈಗಳ ಸಮೇತ ಆ ಹುಳವನ್ನು ಕಟಕಟ ಕಡಿದು ನುಂಗಿದಳು. ಅಂದಿಗೆ ಆ ಕಟ್ಟಳೆ ಮುರಿಯಿತು.

ಆದರೂ ಸಿಟ್ಟು ಆರಲಿಲ್ಲ. ಹೊಟ್ಟೆಯೊಳಗೇ ಕುದಿದು ಕುದಿದು, ಘಾಟು ವಾಸನೆಯಾಗಿ ಮೈಯಿಂದ ಹೊರಬಂತು. ಬೆಕ್ಕು ಕೂಡ ಮೂಗು ತಿರುಗಿಸಿಕೊಂಡು ಹೋಯಿತು.

"ಇನ್ನು ನಿಮ್ಮನ್ನ ಯಾರ ಕೈಗೂ ಕೊಡಲ್ಲ," ಎಂದಳು ಸುಂಡವ್ವ ಮರಿಗಳಿಗೆ. "ದೊಡ್ಡೋನೇ, ನನ್ನ ಬಾಲ ಕಚ್ಕೋ. ನೀನು ಅವನ ಬಾಲ ಕಚ್ಕೋ. ನೀನು ಇವಳದ್ದು. ಬಿಟ್ಟೀರಿ, ಜೋಕೆ!"

ಅದಕ್ಕೇ ಮಕ್ಕಳೇ, ಇಂದಿಗೂ ಸುಂಡಿಲಿ ಮರಿಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಗೋಡೆಯಂಚಿನಲ್ಲಿ ಸಾಲಾಗಿ ಹೋಗುತ್ತವೆ, ಮುಂದೆ ಓಡುವ ತಾಯಿ ಚಿಕ್ ಚಿಕ್ ಎಂದು ಲೋಕವನ್ನೆಲ್ಲ ಇನ್ನೂ ಬೈಯುತ್ತಲೇ ಇರುತ್ತಾಳೆ.