ಒಂದು ಮೊಳ ನೀರು

ಶಿಷ್ಯ ಕೇಳಿದ: "ಗುರುಗಳೇ, ವಾದಕ್ಕೆ ಕೂರುವ ಮೊದಲು ಒಂದೊಂದು ಮಾತಿಗೂ ಅರ್ಥ ಗೊತ್ತುಮಾಡಿಕೊಳ್ಳಿ ಎನ್ನುತ್ತೀರಿ. ದಿನವೂ ಆಡುವ ಮಾತಿಗೆ ಅರ್ಥ ಕೇಳುತ್ತ ಕೂತರೆ ಕಾಲಹರಣವಲ್ಲವೇ?"

ಅವನು ಸಿಟ್ಟಿನಲ್ಲಿದ್ದ. ಹನ್ನೆರಡು ವರ್ಷ ಒಂದೇ ಪಂಕ್ತಿಯಲ್ಲಿ ಉಂಡ ಗೆಳೆಯನೊಡನೆ ವೈರಾಗ್ಯದ ವಿಷಯಕ್ಕೆ ವಾದ ಮಾಡಿ, ಕೊನೆಗೆ ಅವನನ್ನು ಸುಳ್ಳುಗಾರ ಎಂದಿದ್ದ. ಗೆಳೆಯ ಆ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಮಠ ಬಿಟ್ಟು ಹೋಗಿದ್ದ.

ಗುರುಗಳು ಹೇಳತೊಡಗಿದರು.

ಒಂದು ಕೆರೆ. ಏರಿಯ ಪಕ್ಕದಲ್ಲಿ ಒಂದು ಊರು, ಹರಿದಾರಿ ಕೆಳಗೆ ಇನ್ನೊಂದು ಊರು. ಕೆರೆ ಮೇಲಿನೂರಿನದು. ಆದರೆ ಹಿಂದಿನವರು ಒಂದು ಒಪ್ಪಂದ ಮಾಡಿಕೊಂಡಿದ್ದರು: ಕೆರೆ ತುಂಬಿದ ವರ್ಷ ಕೆಳಗಿನೂರಿನ ಗದ್ದೆಗೂ ನೀರು ಬಿಡಬೇಕು. ಮಾತು ಕೊಟ್ಟವರು ತೀರಿಕೊಂಡರು. ಮಾತು ಉಳಿಯಿತು.

ಮೇಲಿನೂರಿನ ಗೌಡ ತನ್ನ ಒಬ್ಬಳೇ ಮಗಳು ಪುಟ್ಟೀರಮ್ಮನನ್ನು ಕೆಳಗಿನೂರಿನ ಗೌಡನ ಮಗನಿಗೆ ಕೊಟ್ಟಿದ್ದ. ಬೀಗರಿಬ್ಬರೂ ಅನ್ಯೋನ್ಯವಾಗಿದ್ದರು. ವರ್ಷ ವರ್ಷವೂ ಕೆರೆ ಉಕ್ಕಿ ಕೋಡಿ ಬೀಳುತ್ತಿತ್ತು, ತೂಬು ಎತ್ತಿದರೆ ನೀರು ಕೆಳಗೆ ಹೋಗುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಒಂದು ವರ್ಷ ಮಳೆ ಅರ್ಧಕ್ಕೇ ನಿಂತಿತು. ಕೆಳಗಿನೂರಿನ ಗೌಡ ಬಂದು, ಕೆರೆ ತುಂಬಿದೆ, ನೀರು ಬಿಡಿಸಿ ಎಂದ. ಇನ್ನೂ ತುಂಬಿಲ್ಲ, ತುಂಬಿದ ದಿನ ನೀವು ಕೇಳುವ ಮೊದಲೇ ಬಿಡಿಸುತ್ತೇನೆ ಎಂದ ಮೇಲಿನೂರಿನವನು.

"ಕೆರೆ ನಿಮ್ಮದು ಬೀಗರೇ. ಕಣ್ಣು ನಮಗೂ ಇವೆ."

"ಇದ್ದರೆ ಬಿಟ್ಟು ನೋಡಿ."

ಮಾತು ಚಾವಡಿಗೆ ಹೋಯಿತು. ಚಾವಡಿಯಿಂದ ಕೆರೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆ ಯಾರೂ ನಡೆಯಲಿಲ್ಲ. ಒಂದೂರು ತುಂಬಿದೆ ಎಂದಿತು, ಇನ್ನೊಂದೂರು ತುಂಬಿಲ್ಲ ಎಂದಿತು. ಮೂರು ದಿನ ಅದೇ ಆಯಿತು. ನೀರುಗಂಟಿ ಮೂಲೆಯಲ್ಲಿ ಕಂಬಕ್ಕೊರಗಿ ಕೂತಿದ್ದ. ತೂಬು ಎತ್ತಿ ಇಳಿಸುವವನಿಗೆ ನ್ಯಾಯದಲ್ಲಿ ಏನು ಕೆಲಸ?

ಕೊನೆಗೆ ದೇವರ ಮುಂದೆ ದೀಪ ಆರಿಸಿ ಆಣೆ ಇಡುವುದೆಂದಾಯಿತು. ಕೆಳಗಿನೂರಿನ ಗೌಡ ಕೆರೆ ತುಂಬಿದೆ ಎಂದು ದೀಪ ಆರಿಸಿದ. ದೀಪ ಮತ್ತೆ ಹಚ್ಚಿದರು. ಮೇಲಿನೂರಿನ ಗೌಡ ಕೆರೆ ತುಂಬಿಲ್ಲ ಎಂದು ಆರಿಸಿದ. ತಾನು ಆಡಿದ್ದು ಸತ್ಯವೆಂದು ಅವನು ಬಲ್ಲ. ಹಾಗಾದರೆ ಬೀಗ ದೇವರ ಮುಂದೆಯೇ ಸುಳ್ಳಾಡಿದ. ಬೀಗನೂ ಮನೆಯ ದಾರಿಯಲ್ಲಿ ಅದನ್ನೇ ಎಣಿಸಿಕೊಂಡು ಹೋದ. ಸುಳ್ಳಾಣೆ ಇಟ್ಟವನ ಮನೆಯ ಹೊಸ್ತಿಲು ತುಳಿಯಬಾರದೆಂಬುದು ಆ ಸೀಮೆಯ ಕಟ್ಟಳೆ.

ಆಗ ಪುಟ್ಟೀರಮ್ಮನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಕರೆತನ್ನಿ ಎಂದು ಹೆಂಡತಿ ಮೇಲಿನೂರಿನ ಗೌಡನಿಗೆ ದಿನವೂ ಹೇಳಿದಳು. ಅವನು ತಪ್ಪೊಪ್ಪಿಕೊಳ್ಳಲಿ, ಅದೇ ಗಳಿಗೆಗೆ ಹೋಗುತ್ತೇನೆ ಎಂದ ಗೌಡ. ಅವನು ತಪ್ಪೊಪ್ಪಿಕೊಳ್ಳಲಿ, ಅದೇ ಗಳಿಗೆಗೆ ಕಳಿಸುತ್ತೇನೆ ಎಂದು ಕೆಳಗಿನೂರಿನವನೂ ಹೇಳುತ್ತಿದ್ದನಂತೆ.

ಬಳೆಗಾರನೊಬ್ಬ ಮಗಳ ಮಾತು ಹೊತ್ತು ತಂದ: "ಅಪ್ಪ ಬರದಿದ್ದರೆ ಬೇಡವಂತೆ, ಗೌಡರೇ. ಬಂಡಿ ಊರ ಹೊರಗೆ ನಿಲ್ಲಿಸಿದರೆ ಸಾಕಂತೆ, ಅಲ್ಲಿಗೆ ನಡೆದು ಬರುತ್ತಾಳಂತೆ."

ಗೌಡ ಅಂದು ಎತ್ತು ಹೂಡಿದ. ಬಂಡಿಯ ಮುಂದಿನ ಮೂಕಿಯ ಮೇಲೆ ಕೂತ. ಊರ ಹೊರಗೆ ನಿಂತರೂ ಸೋತು ಬಂದ ಎನ್ನುತ್ತಾರಲ್ಲ ಅನ್ನಿಸಿತು. ಸತ್ಯ ನುಡಿದವನು ಯಾಕೆ ಸೋಲಬೇಕು? ಇಳಿದು ಎತ್ತು ಬಿಚ್ಚಿದ.

ಕೆಳಗಿನೂರಿನ ಪೈರು ಒಣಗಿತು. ಒಂಬತ್ತು ತುಂಬಿ ಪುಟ್ಟೀರಮ್ಮನಿಗೆ ನೋವು ಬಂತು. ಎರಡು ದಿನ ಅವ್ವ, ಅವ್ವ ಎಂದಳು. ಮೂರನೆಯ ದಿನ ತೀರಿಕೊಂಡಳು. ಮಗು ಕಣ್ಣು ಬಿಡಲೇ ಇಲ್ಲ. ತವರಿನಲ್ಲಿದ್ದರೆ ಬದುಕುತ್ತಿದ್ದಳೋ ಇಲ್ಲವೋ ಹೇಳಬಲ್ಲವರಿಲ್ಲ. ಅವ್ವ ಎಂದಾಗ ಅವ್ವ ಇರುತ್ತಿದ್ದಳು. ಅಷ್ಟು ಹೇಳಬಹುದು.

ಎರಡೂರಿನ ಮಸಣವೂ ಇದ್ದ ಏರಿಯ ಕೆಳಗೆ ಮಣ್ಣು ಮಾಡಿದರು. ಮಣ್ಣು ಹಾಕಿದವರು ನೀರಿನಲ್ಲಿ ಮುಳುಗಿ ಮನೆಗೆ ಹೋಗಬೇಕು. ಹಾಗಾಗಿ ಬೀಗರಿಬ್ಬರೂ ಆ ವರ್ಷ ಮೊದಲ ಸಲ ಒಟ್ಟಿಗೆ ಕೆರೆಗೆ ಇಳಿದರು.

ನೀರು ಆಗ ತಗ್ಗಿತ್ತು. ಕೆಳಗಿನೂರಿನ ಗೌಡ ತೂಬಿನ ಅಡ್ಡಗಲ್ಲಿನ ಮೇಲೆ ಕೈ ಇಟ್ಟ. ಕಲ್ಲಿನ ತಲೆಯವರೆಗೂ ನೀರಿನ ಕಲೆ ಇತ್ತು.

"ಇದು ಮುಳುಗಿತ್ತು ಬೀಗರೇ," ಎಂದ. "ಇದು ಮುಳುಗಿದರೆ ಕೆರೆ ತುಂಬಿತು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಅದಕ್ಕೆ ಆಣೆ ಇಟ್ಟೆ."

ಮೇಲಿನೂರಿನ ಗೌಡ ಏರಿಯ ತುದಿಯತ್ತ ನೋಡಿದ. ಕೋಡಿಯ ಕಲ್ಲುಗಳು ಒಣಗಿದ್ದವು. ಮೇಲೆ ಆಡುಗಳು ಮಲಗಿದ್ದವು. ಕೋಡಿ ಬಿದ್ದರೆ ಕೆರೆ ತುಂಬಿತು ಎಂದು ಅವನಪ್ಪ ಹೇಳಿಕೊಟ್ಟಿದ್ದ. ಕೈ ಎತ್ತಿ ಕೋಡಿಯನ್ನು ತೋರಿಸಿದ, ಅಷ್ಟೆ.

ಏರಿಯ ಮೇಲಿದ್ದ ನೀರುಗಂಟಿ ಹೇಳಿದ: "ಆ ಕಲ್ಲಿಗೂ ಕೋಡಿಗೂ ಒಂದು ಮೊಳ, ಗೌಡರೇ. ನನ್ನನ್ನು ಯಾರೂ ಕೇಳಲಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ, "ಆಮೇಲೆ?" ಎಂದ.

"ಆಮೇಲೆ ಇಬ್ಬರೂ ಸೇರಿ ಕೆರೆಯಲ್ಲಿ ಒಂದು ಗುರುತಿನ ಕಲ್ಲು ನೆಟ್ಟರು. ಪುಟ್ಟೀರಮ್ಮನ ಕಲ್ಲು ಎನ್ನುತ್ತಾರೆ. ಅದು ಮುಳುಗಿದರೆ ಕೆರೆ ತುಂಬಿದಂತೆ. ಜಗಳವಿಲ್ಲ."

ಶಿಷ್ಯನ ಕಣ್ಣು ಗೆಳೆಯನ ಬರಿದಾದ ಚಾಪೆಯ ಮೇಲೆ ಹೋಯಿತು. ಗುರುಗಳು ಅದನ್ನು ನೋಡಿದರು.

"ವೈರಾಗ್ಯ ಎಂದಾಗ ಅವನು ಯಾವ ಕಲ್ಲಿನ ಮೇಲೆ ಕೈ ಇಟ್ಟಿದ್ದನಪ್ಪ?" ಎಂದರು.