ಹುಲಿಗೆಮ್ಮ ನೀರು ಕುಡಿಯಲು ಕಲಿತದ್ದು

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ವೇದ ಹೇಳಿಕೊಡುತ್ತಿರಲಿಲ್ಲ. ಮಾತು ಬಾರದ, ಬುದ್ಧಿ ನಿಧಾನವಾಗಿ ಬೆಳೆಯುವ ಹನ್ನೊಂದು ಮಕ್ಕಳಿಗೆ ಅಂಗಿ ತೊಡುವುದು, ಅನ್ನ ಕಲಸುವುದು ಇಂಥವನ್ನು ಹೇಳಿಕೊಡುತ್ತಿದ್ದರು.

ಅಂಥ ಮಕ್ಕಳ ಶಿಕ್ಷಕರಾಗಬೇಕೆನ್ನುವವರೂ ಅಲ್ಲಿಗೇ ಬರುತ್ತಿದ್ದರು. ಎರಡು ವರ್ಷದ ಓದು, ಪರೀಕ್ಷೆ. ಕೊನೆಗೆ ಒಂದು ಮಗುವಿಗೆ ಒಂದು ಕೆಲಸ ಪೂರ್ತಿ ಕಲಿಸಿ, ದಿನದಿನದ ಕಲಿಕೆಯನ್ನು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕಕ್ಕೆ ಗುರು ಹಾಲಪ್ಪನವರ ಸಹಿ ಬಿದ್ದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಸಂಖ್ಯೆ ಇಲ್ಲದವರನ್ನು ಯಾವ ಶಾಲೆಯೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಸಲ ಬಂದವರು ನಾಲ್ವರು. ಮೂವರು ಅರ್ಧಕ್ಕೇ ಬಿಟ್ಟು ಹೋದರು. ಉಳಿದವಳು ಪಂಪಾವತಿ. ಅವಳಿಗೆ ಹೋಗಲು ಮನೆ ಇರಲಿಲ್ಲ, ಅದೂ ಒಂದು ಕಾರಣ. ತಾಯಿ ತೀರಿಕೊಂಡ ತಿಂಗಳಿಗೇ ಅಣ್ಣ ಮನೆಯ ಬೀಗ ಬದಲಾಯಿಸಿದ್ದ.

ಅವಳ ಪಾಲಿಗೆ ಬಂದ ಮಗು ಹುಲಿಗೆಮ್ಮ. ಒಂಬತ್ತು ವರ್ಷ. ಬಾಯಾರಿದರೆ ಅಳುವುದೊಂದೇ ಗೊತ್ತು. ಎದುರಿಗೇ ಮಣ್ಣಿನ ಹರವಿಯ ತುಂಬ ನೀರಿದ್ದರೂ ಅಳುತ್ತಿದ್ದಳು.

ಪಂಪಾವತಿ ಆ ಒಂದು ಕೆಲಸವನ್ನು ಏಳು ತುಂಡು ಮಾಡಿದಳು. ಹರವಿಯ ಹತ್ತಿರ ಹೋಗಿ ಮುಚ್ಚಳ ತೆಗೆಯುವುದರಿಂದ ಹಿಡಿದು, ಕುಡಿದು ಮತ್ತೆ ಮುಚ್ಚುವವರೆಗೆ. ಮೊದಲು ಕೈ ಹಿಡಿದು ಮಾಡಿಸಿದಳು, ಆಮೇಲೆ ಮೊಣಕೈ ಮುಟ್ಟಿ, ಆಮೇಲೆ ಬರೀ ಬಾಯಿಮಾತಿನಲ್ಲಿ. ಐದು ತಿಂಗಳು ಹಿಡಿಯಿತು. ಒಂದು ದಿನ ಪುಸ್ತಕದಲ್ಲಿ ಒಂದೊಂದು ತುಂಡಿಗೆ ಗೆರೆ ಹಾಕಿದ್ದ ಏಳೂ ಮನೆಗಳಲ್ಲಿ 'ತಾನೇ ಮಾಡಿದಳು' ಎಂದು ಬರೆದು ಗುರುಗಳ ಮುಂದಿಟ್ಟಳು.

"ಪುಸ್ತಕ ಕಳಿಸೋಕೆ ಸೋಮವಾರ ಕೊನೇ ದಿನ ಗುರುಗಳೇ. ಜಿಲ್ಲೆಯ ಶಾಲೆಯವರು ನನಗಾಗಿ ಒಂದು ಜಾಗ ಇಟ್ಕೊಂಡಿದ್ದಾರೆ."

ಹಾಲಪ್ಪನವರು ಪುಸ್ತಕ ತೆರೆಯಲಿಲ್ಲ.

"ಹುಲಿಗೆಮ್ಮ ನೀರು ಕುಡಿಯುವಾಗ ನೀನೆಲ್ಲಿ ಕೂತಿರ್ತೀಯ?"

"ಎದುರಿಗೇ."

"ಇವತ್ತು ನದಿ ಕಡೆ ಮುಖ ಮಾಡಿ ಕೂತ್ಕೊ."

ನೀರಿನ ಹೊತ್ತಿಗೆ ಅವಳು ಬೆನ್ನು ತಿರುಗಿಸಿ ಕೂತಳು. ಹಿಂದೆ ಮುಚ್ಚಳದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಅಳು ಕೇಳಿಸಿತು.

ತಿರುಗಿ ನೋಡಿದರೆ ಹುಲಿಗೆಮ್ಮ ಮುಚ್ಚಳ ಕೈಯಲ್ಲಿ ಹಿಡಿದು ಇವಳನ್ನೇ ನೋಡುತ್ತ ನಿಂತಿದ್ದಾಳೆ. ಪಂಪಾವತಿಯ ತಲೆ ತಾನಾಗಿ ಆಡಿತು. ಮಗು ಮುಚ್ಚಳ ಕೆಳಗಿಟ್ಟು ಸೌಟು ಹಿಡಿಯಿತು, ಮತ್ತೆ ಇವಳ ಮುಖ ನೋಡಿತು. ಇವಳ ಹುಬ್ಬು ಮೇಲೇರಿತು. ಮಗು ಸೌಟನ್ನು ನೀರಿಗೆ ಅದ್ದಿತು.

"ಅಯ್ಯೋ, ನಾನು ಹೀಗೆ ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ."

"ಐದು ತಿಂಗಳಲ್ಲಿ ನಿನ್ನ ಮುಖ ಓದೋದನ್ನ ಚೆನ್ನಾಗಿ ಕಲಿತಿದ್ದಾಳೆ, ತಾಯಿ," ಎಂದರು ಹಾಲಪ್ಪನವರು. "ನೀರಿನ ಪಾಠ ಇನ್ನೂ ಬಾಕಿ ಇದೆ."

"ನಾನಿದ್ದಾಗ ಕುಡೀತಾಳಲ್ಲ?"

"ನೀನು ಹೊರಟು ನಿಂತಿದ್ದೀಯಲ್ಲ."

ಪಂಪಾವತಿಗೆ ಸಿಟ್ಟು ಬಂತು. "ಎಲ್ಲರೂ ಹೀಗೇ ಬರೀತಾರೆ. ನೀವು ಕೊಡಬೇಕಾಗಿರೋದು ಒಂದು ಸಹಿ."

ಹಾಲಪ್ಪನವರು ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. "ಪುಸ್ತಕ ಒಯ್ದು ಇನ್ನೊಮ್ಮೆ ನೋಡು. ನೀನು ಏನು ಬರೆದು ತಂದರೂ ಅದರ ಕೆಳಗೆ ಸಹಿ ಹಾಕ್ತೀನಿ."

"ಏನು ಬರೆದರೂ?"

"ಏನು ಬರೆದರೂ."

ಅವಳು ಪುಸ್ತಕ ಹಿಡಿದು ನದಿಯ ಮೆಟ್ಟಿಲ ಮೇಲೆ ಕೂತಳು. ಬರೆದದ್ದನ್ನು ಹಾಗೇ ಬಿಟ್ಟರೆ ಸಾಕಿತ್ತು. ಯಾರೂ ಕೇಳುವವರಿರಲಿಲ್ಲ. ಆದರೆ ತಾನು ತಲೆಯಾಡಿಸುತ್ತಿದ್ದುದು ತನಗೇಕೆ ತಿಳಿಯಲಿಲ್ಲ ಎನ್ನುವುದು ಅವಳಿಗೆ ಈಗ ಅರ್ಥವಾಗಿತ್ತು. ಈ ಲೋಕದಲ್ಲಿ ಅವಳ ಮುಖಕ್ಕಾಗಿ ಕಾಯುತ್ತಿದ್ದ ಜೀವ ಆ ಮಗುವೊಂದೇ. ಆ ನೋಟ ಅವಳಿಗೆ ಬೇಕಾಗಿತ್ತು.

ಸಂಜೆ ಹೊತ್ತಿಗೆ, ಮುಚ್ಚಳ ತೆಗೆಯುವುದೊಂದನ್ನು ಬಿಟ್ಟು ಉಳಿದ ಆರು ಮನೆಗಳನ್ನು ಹೊಡೆದುಹಾಕಿ 'ನನ್ನ ಮುಖ ನೋಡಿ ಮಾಡಿದಳು' ಎಂದು ಬರೆದಳು. ಗುರುಗಳು ಪೆನ್ನಿಗೆ ಕೈ ಚಾಚಿದರು.

"ಈಗ ಸಹಿ ಬೇಡ," ಎಂದಳು.

ಸೋಮವಾರ ಕಳೆಯಿತು. ಜಿಲ್ಲೆಯ ಶಾಲೆಯವರು ಆ ಜಾಗಕ್ಕೆ ಬೇರೆಯವರನ್ನು ಕರೆದುಕೊಂಡರು. ಇನ್ನು ಬರುವ ವರ್ಷದವರೆಗೆ ಸಂಖ್ಯೆಯ ಮಾತಿಲ್ಲ.

ನೀರಿನ ಹೊತ್ತಿಗೆ ಪಂಪಾವತಿ ಈಗ ಎದುರಿಗೆ ಕೂರುತ್ತಿರಲಿಲ್ಲ. ಮೊದಲು ಪಕ್ಕಕ್ಕೆ ಸರಿದಳು, ಆಮೇಲೆ ಹಿಂದಕ್ಕೆ, ಆಮೇಲೆ ಬೇವಿನ ಮರದ ಬುಡಕ್ಕೆ. ಹುಲಿಗೆಮ್ಮ ಸುಮ್ಮನಿರಲಿಲ್ಲ. ಲೋಟ ಹಿಡಿದುಕೊಂಡೇ ಹುಡುಕಿಕೊಂಡು ಬಂದು ಇವಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಪಂಪಾವತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಗು ತೀರಾ ಅತ್ತರೆ ಹಿಂದೆ ನಿಂತು ಮೊಣಕೈ ಮುಟ್ಟುತ್ತಿದ್ದಳು, ಮುಖ ಮಾತ್ರ ಕೊಡುತ್ತಿರಲಿಲ್ಲ.

ಅಷ್ಟು ಒಂಟಿಯಾಗಿ ಅವಳು ಬೀಗ ಬಿದ್ದ ಮನೆಯ ಮುಂದೆಯೂ ನಿಂತಿರಲಿಲ್ಲ.

ಒಂದು ಸಂಜೆ ಕೇಳಿದಳು: "ಗುರುಗಳೇ, ಇಲ್ಲಿಂದ ಎಷ್ಟು ಮಕ್ಕಳು ಕಲಿತು ಹೋಗಿದ್ದಾರೆ?"

"ತುಂಬಾ ಜನ."

"ನಿಮ್ಮನ್ನ ನೋಡೋಕೆ ಬರ್ತಾರಾ?"

"ಕಲಿತು ಹೋದವರು ಯಾಕೆ ಬರ್ತಾರೆ?"

"ನಿಮಗೆ ಬೇಜಾರಾಗಲ್ವಾ?"

"ಆಗುತ್ತೆ," ಎಂದು ಹಾಲಪ್ಪನವರು ಎದ್ದು ಒಳಗೆ ಹೋದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಪಂಪಾವತಿ ನದಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹುಲಿಗೆಮ್ಮ ಮರದ ನೆರಳಿನಿಂದ ಎದ್ದು ಹರವಿಯ ಕಡೆ ನಡೆದಳು. ಅಂದು ಯಾರೂ ಅವಳನ್ನು ಕರೆದಿರಲಿಲ್ಲ.

ಮುಚ್ಚಳ ತೆಗೆದಳು. ಸೌಟು ಅದ್ದಿ ಲೋಟಕ್ಕೆ ನೀರು ಹಾಕಿಕೊಂಡಳು, ಸ್ವಲ್ಪ ಚೆಲ್ಲಿತು. ಗಟಗಟ ಕುಡಿದಳು. ಹರವಿ ಮುಚ್ಚಿ, ಲಂಗದ ತುದಿಗೆ ಬಾಯಿ ಒರೆಸಿಕೊಂಡು ಮತ್ತೆ ನೆರಳಿಗೆ ಹೋಗಿ ಕೂತಳು.

ಪಂಪಾವತಿ ಹಿಂಡುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅಳು ಅದಕ್ಕಿಂತ ಮೊದಲು ಬಂತು.

ಕೈ ಒರೆಸಿಕೊಂಡು ಬಂದು ಪುಸ್ತಕದಲ್ಲಿ ಬರೆದಳು. ಗುರುಗಳು ಈ ಸಲ ಮೊದಲ ಪುಟದಿಂದ, ಹೊಡೆದುಹಾಕಿದ ಮನೆಗಳನ್ನೂ ಬಿಡದೆ ಓದಿದರು. ಕೊನೆಯಲ್ಲಿ ಸಹಿ ಹಾಕಿದರು.

ಪಂಪಾವತಿ ಅಲ್ಲೇ ನಿಂತಿದ್ದಳು.

"ಒಂದು ಸಲವೂ ನನ್ನ ಕಡೆ ನೋಡಲಿಲ್ಲ ಗುರುಗಳೇ. ಇನ್ನು ಮೇಲೆ ನೋಡೋದೇ ಇಲ್ವಾ?"

ಹಾಲಪ್ಪನವರು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

"ಬಾಯಾರಿದಾಗ ಮಾತ್ರ ನೋಡಲ್ಲ."