ಲಾರಿಯಿಂದ ಇಳಿಯದ ಬಸವಣ್ಣ

ಶಿವನ ದಯೆ ಯಾವ ದಾರಿಯಲ್ಲಿ ಬರುತ್ತದೋ ಹೇಳಲಾಗದು. ಕಾಳಿನ ಪೇಟೆಯ ಹಮಾಲ ಯಮನಪ್ಪನಿಗೆ ಅದು ಲಾರಿಯಲ್ಲಿ ಬಂತು.

ನೂರು ಕಿಲೋದ ಚೀಲ ಹೊತ್ತು ಹೊತ್ತು ಹಮಾಲರ ಬೆನ್ನು ಸೋತಿತ್ತು. ಐವತ್ತಕ್ಕೆ ಇಳಿಸಿರೆಂದು ಸಂಘದವರೆಲ್ಲ ಕೇಳಲು ಹೋದರೆ, ಕಾಳಿನ ವ್ಯಾಪಾರಿ ಗುರುಸಿದ್ದಪ್ಪ ಸಾಹುಕಾರರು ಗುಡುಗಿದರು: “ಗುಂಪು ಕಟ್ಕೊಂಡು ಬಂದ್ರ ಮಾತಿಲ್ಲ. ಒಬ್ಬೊಬ್ಬರ ಬರ್ರಿ!”

ಯಮನಪ್ಪ ಒಬ್ಬನೇ ಹೋದ. “ನೀ ಬಿಟ್ರ ಹತ್ತು ಮಂದಿ ಸಿಗ್ತಾರ, ನಡಿ” ಎಂದು ಅಟ್ಟಿದರು.

ಮುಂದಿನ ಸೋಮವಾರ ಸಾಹುಕಾರರು ಅಂಗಡಿಯ ಮುಂದೆ ಸ್ಥಾಪಿಸಲು ಕಲ್ಲಿನ ನಂದಿ ಬಸವಣ್ಣನನ್ನು ಲಾರಿಯಲ್ಲಿ ತರಿಸಿದರು. ಮುಹೂರ್ತ ಹತ್ತಿರವಾಗಿತ್ತು. ಮಠದ ಸ್ವಾಮಿಗಳು ಕಾದಿದ್ದರು. ಇಳಿಸಲು ಹಮಾಲರನ್ನು ಕರೆದಾಗ ಯಮನಪ್ಪ ಒಬ್ಬನೇ ಲಾರಿ ಹತ್ತಿ, ಬಸವಣ್ಣನಿಗೆ ನಮಸ್ಕರಿಸಿ, ತಬ್ಬಿ ಎಳೆದ. ಅಲುಗಲಿಲ್ಲ. ಅವನು ಇಳಿದ ಮೇಲೆ ಇನ್ನೊಬ್ಬ ಹತ್ತಿದ.

“ಏನೋ ಇದು ಆಟ?” ಸಾಹುಕಾರರು ರೇಗಿದರು.

“ನಿಮ್ಮ ಅಪ್ಪಣೀನ ರೀ. ಒಬ್ಬೊಬ್ಬರ ಬರಾಕತ್ತೀವಿ.”

“ಮುಹೂರ್ತ ಮೀರತೈತೋ! ಎಲ್ಲಾರೂ ಕೂಡಿ ಬರ್ರೋ!”

ಸಂಘವೆಲ್ಲ ಬಂತು. “ಹರ ಹರ ಮಹಾದೇವ” ಎನ್ನುವಷ್ಟರಲ್ಲಿ ಬಸವಣ್ಣ ಹೂವಿನಂತೆ ಇಳಿದು ಕಟ್ಟೆಯ ಮೇಲೆ ಕುಳಿತ. ದೇವರ ಕೆಲಸ ಮುಗಿದ ಮೇಲೆಯೇ ಯಮನಪ್ಪ ಕೈಮುಗಿದ. “ಸಾವ್ಕಾರ್ರ, ನೀವ ಎಲ್ಲಾರನ್ನೂ ಕರದೀರಿ, ಬಂದೀವಿ. ಈಗ ಚೀಲದ ಮಾತು ಆಡೋಣೇನ್ರಿ?”

ಸ್ವಾಮಿಗಳು ನಕ್ಕರು. “ಬಸವಣ್ಣನೂ ಹೊರೆ ಹೊತ್ತಾಂವನ, ಗುರುಸಿದ್ದಪ್ಪ. ಬೆನ್ನು ನೋವು ಅವಗೂ ಗೊತ್ತೈತಿ.”

ದೇವರ ಎದುರಿಗೆ ಸಾಹುಕಾರರು ಇಲ್ಲವೆನ್ನಲಾರದೆ ಹೋದರು. “ಆತು, ಐವತ್ತ ಕಿಲೋ” ಎಂದವರು ಮೆಲ್ಲಗೆ ಗೊಣಗಿದರು: “ಇದನ್ನ ನೀ ಒಬ್ಬನ ಬಂದು ನೆಟ್ಟಗ ಕೇಳಬಹುದಿತ್ತಲ್ಲೋ?”

“ಬಂದಿದ್ನಲ್ರೀ, ಸಾವ್ಕಾರ್ರ. ನಾ ಒಬ್ಬನ ಬಂದಾಗ ಬಸವಣ್ಣನೂ ಅಲುಗಲಿಲ್ಲ, ನೀವೂ ಅಲುಗಲಿಲ್ಲ.”